ಕಾರ್ಖಾನೆಯ ಬಾಗಿಲು, ಮನೆಯ ಬಾಗಿಲು

ಥಾಣೆ-ಬೇಲಾಪುರ ರಸ್ತೆಯ ಬದಿಯ ರಬಾಳೆಯಂತಹ ಕೈಗಾರಿಕಾ ವಸಾಹತುಗಳಲ್ಲಿ ದುಡಿದು ನೆಲೆ ಕಂಡ ಕನ್ನಡ ಕುಟುಂಬಗಳಿಗೆ ಕಾರ್ಮಿಕ ಸಂಘಟನೆಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಮಂಗಳೂರಿನಿಂದ ಮುಂಬಯಿಗೆ ಬಂದು ಬಂದರು ಹಾಗೂ ಟ್ಯಾಕ್ಸಿ ಕಾರ್ಮಿಕರನ್ನು ಸಂಘಟಿಸಿದ ಜಾರ್ಜ್ ಫರ್ನಾಂಡಿಸ್, 1974ರ ಮೇ ತಿಂಗಳಿನಲ್ಲಿ ಅಖಿಲ ಭಾರತ ರೈಲ್ವೆ ಮುಷ್ಕರವನ್ನು ಮುನ್ನಡೆಸಿದುದನ್ನು ನಾವು ಇಂದಿಗೂ ಅಭಿಮಾನದಿಂದ ಸ್ಮರಿಸುತ್ತೇವೆ.

ಇದೇ ಮಹಾನಗರದಲ್ಲಿ ಮತ್ತೊಂದು ಹೋರಾಟವೂ ಬೆಳೆಯಿತು. ಪತ್ರಕರ್ತ ಅಶೋಕ್ ರಾವ್ ಕವಿ ಅವರು 1990ರಲ್ಲಿ 'ಬಾಂಬೆ ದೋಸ್ತ್' ಪತ್ರಿಕೆಯನ್ನು ಆರಂಭಿಸಿದರು; 1994ರಲ್ಲಿ ಹಮ್‌ಸಫರ್ ಟ್ರಸ್ಟ್‌ನ ಸ್ಥಾಪಕರಲ್ಲಿ ಒಬ್ಬರಾದರು. ಸಲಿಂಗಪ್ರೇಮಿಗಳ ಹಕ್ಕಿಗಾಗಿ ಅವರು ಜೀವಮಾನವನ್ನೇ ಸವೆಸಿದ್ದಾರೆ. ಆದರೆ ಈ ಎರಡು ಪ್ರವಾಹಗಳು ನಮ್ಮಲ್ಲಿ ಸಂಗಮಿಸಿದ್ದು ವಿರಳ.

ಬ್ರಿಟನ್ನಿನಲ್ಲಿ ಅವು ಸಂಗಮಿಸಿದವು. 1984-85ರ ಗಣಿ ಕಾರ್ಮಿಕರ ಮುಷ್ಕರದಲ್ಲಿ ಲಂಡನ್ನಿನ ಸಲಿಂಗಪ್ರೇಮಿಗಳು ವೇಲ್ಸ್‌ನ ಗಣಿ ಕುಟುಂಬಗಳಿಗಾಗಿ ಹಣ ಸಂಗ್ರಹಿಸಿದರು. 1985ರಲ್ಲಿ ಗಣಿ ಕಾರ್ಮಿಕರು ತಮ್ಮ ಧ್ವಜ ಹಿಡಿದು ಅವರ ಮೆರವಣಿಗೆಯಲ್ಲಿ ನಡೆದರು. ಅದೇ ವರ್ಷ ಲೇಬರ್ ಪಕ್ಷದ ಅಧಿವೇಶನದಲ್ಲಿ ಸಮಾನ ಹಕ್ಕಿನ ನಿರ್ಣಯಕ್ಕೆ ಗಣಿ ಕಾರ್ಮಿಕರ ಸಂಘವು ಬೆಂಬಲವಿತ್ತಿತು. ಹಸಿದಾಗ ಒದಗಿದ ನೆರವನ್ನು ಅವರು ಮರೆಯಲಿಲ್ಲ.

ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. 2019ರ ಕಾಯಿದೆಯು ಲಿಂಗಪರಿವರ್ತಿತರ ವಿರುದ್ಧ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ಆದರೆ ಸಲಿಂಗಪ್ರೇಮಿಯೆಂಬ ಕಾರಣಕ್ಕೆ ಖಾಸಗಿ ಕಾರ್ಖಾನೆಯು ನೌಕರನನ್ನು ತೆಗೆದುಹಾಕುವುದನ್ನು ಹೆಸರಿಸಿ ತಡೆಯುವ ಕೇಂದ್ರ ಕಾನೂನು ಇಲ್ಲ. ಕಾನೂನು ಮೌನವಾಗಿರುವಲ್ಲಿ ಸಂಘವು ಮಾತನಾಡಬಹುದು: ವೇತನ ಒಪ್ಪಂದದಲ್ಲಿಯೇ ತಾರತಮ್ಯ ನಿಷೇಧದ ಒಂದು ಷರತ್ತನ್ನು ಸೇರಿಸಬಹುದು, ವಜಾಗೊಂಡವನ ಪರವಾಗಿ ನಿಲ್ಲಬಹುದು.

ನೌಕರಿಯೊಂದೇ ಸಾಲದು. 2017ರಲ್ಲಿ ಕೊಚ್ಚಿ ಮೆಟ್ರೋ ಲಿಂಗಪರಿವರ್ತಿತರನ್ನು ನೇಮಿಸಿಕೊಂಡಾಗ ದೇಶವೇ ಶ್ಲಾಘಿಸಿತು. ಕೆಲವೇ ವಾರಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು; ಅವರಿಗೆ ಬಾಡಿಗೆಗೆ ಮನೆ ಕೊಡುವವರು ಸಿಗಲಿಲ್ಲ.

ಇಲ್ಲಿ ಪ್ರಶ್ನೆ ನಮ್ಮ ಹೊಸ್ತಿಲಿಗೇ ಬರುತ್ತದೆ. ಒಂದು ಕಾಲದಲ್ಲಿ ಈ ಊರಿನಲ್ಲಿ ಬಾಡಿಗೆ ಮನೆಗಾಗಿ ಅಲೆದವರ ಮಕ್ಕಳು ಇಂದು ಐರೋಳಿ, ಘಣಸೋಲಿ, ಡೊಂಬಿವಲಿಗಳಲ್ಲಿ ಮನೆಯ ಒಡೆಯರಾಗಿದ್ದಾರೆ. ಪರಕೀಯರೆಂದು ಬಾಗಿಲು ಮುಚ್ಚಿಸಿಕೊಂಡ ನೋವು ಹಿರಿಯರಿಗೆ ತಿಳಿದದ್ದೇ. ಆ ನೋವನ್ನು ಇನ್ನೊಬ್ಬರಿಗೆ, ಕೆಲವೊಮ್ಮೆ ನಮ್ಮದೇ ಮಕ್ಕಳಿಗೆ, ದಾಟಿಸದಿರುವುದು ನಮ್ಮ ಕೈಯಲ್ಲಿದೆ.