ಬೀಜಗಣಿತದ ಹೆಸರಲ್ಲಿ ಬಾಗಿಲು ಮುಚ್ಚಬೇಕಿಲ್ಲ

ಬೀಜಗಣಿತದಲ್ಲಿ ಹಿಂದುಳಿದವರು ಮೊದಲು ಕ್ರೆಡಿಟ್ ಇಲ್ಲದ ಪೂರಕ ಕೋರ್ಸ್ ಮುಗಿಸಲಿ, ಆಮೇಲೆ ಪದವಿ ಗಣಿತಕ್ಕೆ ಬರಲಿ ಎಂಬುದು ಅಮೆರಿಕದ ಕಾಲೇಜುಗಳ ಬಗ್ಗೆ ಪ್ರಕಟವಾದ ವಾದ. ಇದು ನಿಲ್ಲುವ ಮಾತಲ್ಲ. ಆ ಕೋರ್ಸಿಗೆ ಶುಲ್ಕವೂ ಹೋಗುತ್ತದೆ, ಒಂದು ಸೆಮಿಸ್ಟರೂ ಹೋಗುತ್ತದೆ; ಪದವಿಯ ಲೆಕ್ಕಕ್ಕೆ ಮಾತ್ರ ಏನೂ ಸೇರುವುದಿಲ್ಲ.

2013ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು ಮೂರು ಸಮುದಾಯ ಕಾಲೇಜುಗಳಲ್ಲಿ ಈ ವಾದವನ್ನು ಪರೀಕ್ಷಿಸಿತು. ಪೂರಕ ಬೀಜಗಣಿತದಲ್ಲಿ ಪಾಸಾದವರು ಶೇ. 39, ನೇರವಾಗಿ ಕ್ರೆಡಿಟ್ ಇರುವ ಸಂಖ್ಯಾಶಾಸ್ತ್ರಕ್ಕೆ ಸೇರಿ, ವಾರವಾರ ಹೆಚ್ಚುವರಿ ತರಗತಿ ಪಡೆದವರಲ್ಲಿ ಶೇ. 56.

ಬೀಜಗಣಿತದ ತಪ್ಪುಗಳಿಗೂ ಇದೇ ಮಾತು: ಆವರಣದ ಮುಂದಿನ ಋಣಚಿಹ್ನೆಯನ್ನು ಒಳಗಿನ ಎರಡನೇ ಪದಕ್ಕೆ ಅನ್ವಯಿಸಲು ಮರೆಯುವ ವಿದ್ಯಾರ್ಥಿಗೆ ಬೇಕಾದದ್ದು ತಪ್ಪನ್ನು ಅಲ್ಲಿಯೇ ತಿದ್ದುವ ಬೋಧಕ, ಪ್ರತ್ಯೇಕ ಕೋರ್ಸಲ್ಲ. ಎಂಜಿನಿಯರಿಂಗ್ ಓದುವವರಿಗೆ ಬೀಜಗಣಿತ ಬೇಕೇ ಬೇಕು. ಅದನ್ನೂ ಕ್ರೆಡಿಟ್ ಕೋರ್ಸಿನ ಜೊತೆಜೊತೆಗೇ ಕಲಿಸಬಹುದು.