ಸಂಶೋಧನ ಪ್ರಬಂಧದ ಓದು: ಜೀವವಿಜ್ಞಾನದ ತರಗತಿಯ ಒಂದು ಪ್ರಶ್ನೆ

ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಪೂರೈಸಿದ ಮಹಾಭಾರತದ ಪರಿಷ್ಕರಣವನ್ನು ತೆರೆದವರಿಗೆ ಪುಟದ ಮೇಲ್ಭಾಗದಲ್ಲಿ ಸಂಪಾದಕರು ಒಪ್ಪಿದ ಪಾಠವೂ ಕೆಳಗೆ ಹಸ್ತಪ್ರತಿಗಳ ಪಾಠಾಂತರಗಳೂ ಕಾಣುತ್ತವೆ. ಸುಕ್ಥಂಕರರಂತಹ ವಿದ್ವಾಂಸರ ತೀರ್ಮಾನವನ್ನೂ ಓದುಗನು ಅದೇ ಪುಟದಲ್ಲಿ ಪರೀಕ್ಷಿಸಿ ನೋಡಬಹುದು, ಒಪ್ಪದೆಯೂ ಇರಬಹುದು. ಗ್ರಂಥಸಂಪಾದನೆಯನ್ನು ಕಲಿತ ಕನ್ನಡ ವಿದ್ಯಾರ್ಥಿಗೆ ಈ ಸ್ವಾತಂತ್ರ್ಯ ಹೊಸದಲ್ಲ. ಆದರೆ ಜೀವವಿಜ್ಞಾನದ ಪದವಿ ವಿದ್ಯಾರ್ಥಿಗೆ ಸಾಮಾನ್ಯವಾಗಿ ದೊರೆಯುವುದು ಪುಟದ ಮೇಲ್ಭಾಗ ಮಾತ್ರ. ಪಠ್ಯಪುಸ್ತಕವೆಂದರೆ ಪಾಠಾಂತರಗಳನ್ನು ಕತ್ತರಿಸಿ ತೆಗೆದ ಆವೃತ್ತಿಯೇ ಸರಿ.

ಒಂದು ನಿದರ್ಶನ ಸಾಕು. ಡಿಎನ್‌ಎಯ ಎರಡು ಎಳೆಗಳು ಬೇರ್ಪಟ್ಟು ಒಂದೊಂದೂ ಹೊಸ ಜೊತೆಯನ್ನು ಪಡೆಯುತ್ತದೆಂದು ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಸಿದ್ಧಪಡಿಸಿದರೆಂದು ಪಠ್ಯಗಳು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತವೆ. ಮೂಲ ಪ್ರಬಂಧದಲ್ಲಿ ಕಾಣುವುದು ಪಟ್ಟೆಗಳು. ಭಾರವಾದ ಸಾರಜನಕವನ್ನು ಉಣ್ಣಿಸಿ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಹಗುರ ಸಾರಜನಕಕ್ಕೆ ಬದಲಿಸಿ, ಅವುಗಳ ಡಿಎನ್‌ಎಯನ್ನು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅತಿವೇಗವಾಗಿ ತಿರುಗಿಸಿದಾಗ, ಒಂದು ತಲೆಮಾರಿನ ಬಳಿಕ ನಡುವೆ ಒಂದೇ ಪಟ್ಟೆ. ಎರಡನೆಯ ತಲೆಮಾರಿಗೆ ಆ ನಡುವಿನ ಪಟ್ಟೆಯೊಂದಿಗೆ ಹಗುರವಾದ ಮತ್ತೊಂದು. ಲೇಖಕರು ಇದರಿಂದ ಕಂಡುಕೊಂಡುದು, ಅಣುವಿನ ಸಾರಜನಕ ಎರಡು ಉಪಘಟಕಗಳಲ್ಲಿ ಸಮನಾಗಿ ಹಂಚಿಹೋಗಿದೆ, ಆ ಘಟಕಗಳು ಕೆಡದೆ ಮುಂದಿನ ತಲೆಮಾರುಗಳಿಗೆ ದಾಟುತ್ತವೆ ಎಂಬುದನ್ನು. ಫಲಿತಾಂಶ ವಾಟ್ಸನ್–ಕ್ರಿಕ್ ಮಾದರಿಗೆ ಒಪ್ಪುತ್ತದೆಂದು ಹೇಳಿಯೂ, ಆ ಉಪಘಟಕಗಳ ರಚನೆ ಏನೆಂಬುದನ್ನು ಅವರು ಪ್ರಶ್ನೆಯಾಗಿಯೇ ಉಳಿಸಿದರು. ಪಠ್ಯಪುಸ್ತಕ ಲೇಖಕರಿಗಿಂತ ಹೆಚ್ಚು ಧೈರ್ಯಶಾಲಿ!

ಆದುದರಿಂದ ಓದು ಚಿತ್ರದಿಂದ ಮೊದಲಾಗಬೇಕು. ಸಾರಾಂಶವನ್ನೂ ಚರ್ಚೆಯ ಭಾಗವನ್ನೂ ಮುಚ್ಚಿಟ್ಟು, ಈ ಪಟ್ಟೆಗಳಿಂದ ಏನು ಹೇಳಬಹುದು, ಏನು ಹೇಳಲಾಗದು ಎಂದು ವಿದ್ಯಾರ್ಥಿಯನ್ನು ಕೇಳಬೇಕು. ನ್ಯೂಯಾರ್ಕಿನ ಸಿಟಿ ಕಾಲೇಜಿನ ಸ್ಯಾಲಿ ಹಾಸ್ಕಿನ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಕ್ರಮ ಇದಕ್ಕೆ ಹತ್ತಿರದ್ದು: ಒಂದೇ ಪ್ರಯೋಗಾಲಯದ ಪ್ರಬಂಧಗಳನ್ನು ಅನುಕ್ರಮವಾಗಿ ಓದಿ, ಪ್ರಯೋಗವನ್ನು ಚಿತ್ರವಾಗಿ ಬರೆದು, ಮುಂದಿನ ಪ್ರಬಂಧವನ್ನು ತೆರೆಯುವ ಮೊದಲು ಮುಂದಿನ ಪ್ರಯೋಗವನ್ನು ತಾವೇ ಯೋಜಿಸುವುದು. ಪುಣೆಗೂ ಇದು ಅಪರಿಚಿತವಲ್ಲ. ಆಬಾಸಾಹೇಬ ಗರವಾರೆ ಕಾಲೇಜಿನಲ್ಲಿ ಮಿಲಿಂದ ವಾಟ್ವೆಯವರು ಪದವಿ ವಿದ್ಯಾರ್ಥಿಗಳನ್ನೇ ಸಂಶೋಧನೆಗೆ ಹಚ್ಚಿದರು. 2006ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯ ಐದು ವರ್ಷಗಳ ವ್ಯಾಸಂಗದಲ್ಲಿ ಕೊನೆಯ ವರ್ಷ ಸಂಶೋಧನೆಗೇ ಮೀಸಲು. ಆದರೆ ಐದನೆಯ ವರ್ಷಕ್ಕೆ ಬೇಕಾದ ಓದು ಮೊದಲನೆಯ ವರ್ಷದಲ್ಲೇ ಆರಂಭವಾಗದಿದ್ದರೆ ತಡವಾಯಿತು. ಪಠ್ಯಕ್ರಮಕ್ಕೆ ಸಮಯವಿಲ್ಲವೆಂಬ ಆಕ್ಷೇಪ ನಿಜವೇ. ಆದರೂ ವರ್ಷಕ್ಕೆ ಒಂದೇ ಪ್ರಬಂಧವನ್ನು ನಾಲ್ಕು ವಾರ ಓದಿದರೆ ಹಾನಿಯೇನೂ ಆಗದು.

ಉಳಿದ ತೊಡಕು ಭಾಷೆಯದು. ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಲ್ಲಿ ಕಲಿತು ಪುಣೆಯ ಕಾಲೇಜಿಗೆ ಬರುವ ಹುಡುಗಿ ಇಂಗ್ಲಿಷ್ ಪ್ರಬಂಧದ ಮುಂದೆ ಮೌನವಾಗುವುದು ಬುದ್ಧಿ ಸಾಲದೆ ಅಲ್ಲ. ಇಂಗ್ಲಿಷಿನಲ್ಲಿ ಓದಿದುದನ್ನು ಕನ್ನಡದಲ್ಲೋ ಮರಾಠಿಯಲ್ಲೋ ಚರ್ಚಿಸಲು ಬಿಟ್ಟರೆ ಅವಳ ಸಂದೇಹಕ್ಕೆ ಬಾಯಿ ಬರುತ್ತದೆ. ಇಲ್ಲಿ ವ್ಯಾಕರಣವೂ ನೆರವಾಗುತ್ತದೆ. 'ತೋರಿಸಿದೆ', 'ಸೂಚಿಸುತ್ತದೆ', 'ಇರಬಹುದು', 'ಇದ್ದೀತು': ಲೇಖಕನ ಪ್ರತಿಯೊಂದು ವಾಕ್ಯ ಇವುಗಳಲ್ಲಿ ಯಾವುದಕ್ಕೆ ಸಲ್ಲುತ್ತದೆಂದು ಗೊತ್ತುಮಾಡಲು, ಅವಳು ಆ ಪಟ್ಟೆಗಳ ಚಿತ್ರಕ್ಕೆ ಮತ್ತೆ ಹಿಂದಿರುಗಲೇಬೇಕಾಗುತ್ತದೆ.