ಕಡತ ಸಿಗದಿದ್ದಾಗಲೇ ಪಾಠ ಆರಂಭವಾಗಲಿ

ಗಣಕ ವಿಜ್ಞಾನದ ಬೋಧನಾಭ್ಯಾಸದಲ್ಲಿ 'ಜಾವಾದಲ್ಲಿ ಪಠ್ಯ ಕಡತ ಓದುವುದು' ಎಂಬ ಘಟಕಕ್ಕೆ ಒಂದು ಸಿದ್ಧ ರೂಪ ಬಂದುಬಿಟ್ಟಿದೆ. ಪ್ರಶಿಕ್ಷಣಾರ್ಥಿ ತನ್ನ ಲ್ಯಾಪ್‌ಟಾಪಿನ ಡಿ ಡ್ರೈವ್‌ನಿಂದ ಕಡತದ ಹೆಸರಿನವರೆಗಿನ ಪೂರ್ಣ ಮಾರ್ಗವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾನೆ, ಫಲಿತಾಂಶ ಪರದೆಯ ಮೇಲೆ ಮೂಡುತ್ತದೆ, ವೀಕ್ಷಕರು 'ಪ್ರಾತ್ಯಕ್ಷಿಕೆ ಯಶಸ್ವಿ' ಎಂದು ಷರಾ ಬರೆಯುತ್ತಾರೆ. ಅದೇ ಪ್ರೋಗ್ರಾಮನ್ನು ವಿದ್ಯಾರ್ಥಿಗಳು ತಮ್ಮ ಗಣಕದಲ್ಲಿ ನಡೆಸಿದರೆ 'ಕಡತ ಸಿಗಲಿಲ್ಲ' ಎಂಬ ಸಂದೇಶ ಬರುತ್ತದೆ. ಯಶಸ್ವಿ ಎನ್ನಿಸಿಕೊಂಡ ಈ ಪಾಠದಲ್ಲಿ ಮುಖ್ಯ ಕಲಿಕಾಂಶವೇ ಬಿಟ್ಟುಹೋಗಿದೆ ಎಂಬುದು ನನ್ನ ಅಭಿಪ್ರಾಯ.

ಆ ಕಲಿಕಾಂಶ ಯಾವುದು? ಮಾರ್ಗವೂ ಒಂದು ವಿಳಾಸವೇ ಎಂಬುದು. ಇದಕ್ಕೆ ನಮ್ಮ ಭಾಗದ ಉದಾಹರಣೆ ಸಾಕು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು, ಮುಂದೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಊರು ಇದ್ದಲ್ಲೇ ಇದೆ, ಪೂರ್ಣ ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಯಿತು. ಪೂರ್ಣ ಮಾರ್ಗದ ತೊಂದರೆಯೂ ಇದೇ: ಮೇಲಿನ ಒಂದು ಫೋಲ್ಡರಿನ ಹೆಸರು ಬದಲಾದರೆ ಇಡೀ ಮಾರ್ಗ ಸುಳ್ಳಾಗುತ್ತದೆ. ಸಾಪೇಕ್ಷ ಮಾರ್ಗ ದಾರಿ ಹೇಳಿದಂತೆ. ಹಗರಿಬೊಮ್ಮನಹಳ್ಳಿಯಿಂದ ಹೊರಟವನಿಗೆ ಹೇಳಿದ ದಾರಿ ಕೂಡ್ಲಿಗಿಯಿಂದ ಹೊರಟವನಿಗೆ ಒದಗುವುದಿಲ್ಲ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ, 'ಪ್ರೋಗ್ರಾಂ ಈಗ ಎಲ್ಲಿ ನಿಂತಿದೆ?'

ಬರಿಯ ಹೆಸರು ಕೊಟ್ಟಾಗ ಜಾವಾ ಕಡತವನ್ನು ಹುಡುಕುವುದು ಪ್ರೋಗ್ರಾಂ ಬರೆದಿಟ್ಟ ಜಾಗದಲ್ಲಲ್ಲ, ಅದನ್ನು ಚಾಲನೆ ಮಾಡಿದ ಫೋಲ್ಡರಿನಲ್ಲಿ. ಎಕ್ಲಿಪ್ಸ್‌ನಲ್ಲಿ ಇದು ಸಾಮಾನ್ಯವಾಗಿ ಪ್ರಾಜೆಕ್ಟಿನ ಮೇಲು ಫೋಲ್ಡರು. ಹಾಗಾಗಿ ಮೂಲ ಸಂಕೇತದ ಪಕ್ಕದಲ್ಲೇ ಇಟ್ಟ ಕಡತವೂ ಸಿಗುವುದಿಲ್ಲ. 'ಗೆಟ್ ಅಬ್ಸಲ್ಯೂಟ್ ಪಾತ್' ವಿಧಾನದಿಂದ ಪೂರ್ಣ ಮಾರ್ಗವನ್ನು ಮುದ್ರಿಸಿದರೆ ಜಾವಾ ಎಲ್ಲಿ ಹುಡುಕುತ್ತಿದೆ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಎರಡನೆಯದು ಬ್ಯಾಕ್‌ಸ್ಲ್ಯಾಶ್. ಜಾವಾದ ಉದ್ಧರಣ ಚಿಹ್ನೆಗಳೊಳಗೆ ಬ್ಯಾಕ್‌ಸ್ಲ್ಯಾಶ್ ನಂತರ 'ಎನ್' ಬಂದರೆ ಹೊಸ ಸಾಲು, 'ಟಿ' ಬಂದರೆ ಟ್ಯಾಬ್. 'ನೋಟ್ಸ್' ಫೋಲ್ಡರಿನ 'ಟೆಸ್ಟ್' ಕಡತದ ಮಾರ್ಗವನ್ನು ಇದ್ದಂತೆ ಬರೆದರೆ ಕಂಪೈಲರ್ ತಕರಾರು ತೆಗೆಯುವುದಿಲ್ಲ, ಆದರೆ ಓಡುವಾಗ ಕಡತ ಸಿಗುವುದಿಲ್ಲ. ಗೆರೆಯನ್ನು ಎರಡು ಸಲ ಬರೆಯಬೇಕು, ಇಲ್ಲವೇ ಮುಂದಕ್ಕೆ ಬಾಗಿದ ಗೆರೆ ಬಳಸಬೇಕು. ಎರಡನೆಯದು ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಕೇರಳದ ಕೈಟ್ ಸಂಸ್ಥೆಯ ಲಿನಕ್ಸ್ ಇದೆ. ಅಲ್ಲಿ ಡಿ ಡ್ರೈವ್ ಎಂಬುದೇ ಇಲ್ಲ, ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರವೂ ತಪ್ಪಬಾರದು.

ಕಡತ ಸಿಕ್ಕಮೇಲೂ ಅದರೊಳಗಿನ ಕನ್ನಡ ಸರಿಯಾಗಿ ಓದಿಸಿಕೊಳ್ಳಬೇಕಲ್ಲ? 2022ರ ಜಾವಾ 18ರಿಂದ ಯುಟಿಎಫ್-8 ಪೂರ್ವನಿಯೋಜಿತ ಸಂಕೇತೀಕರಣವಾಗಿದೆ. ಹಳೆಯ ಆವೃತ್ತಿಗಳಿರುವ ಪ್ರಯೋಗಾಲಯದಲ್ಲಿ ಅದನ್ನು ಸ್ಪಷ್ಟವಾಗಿ ಸೂಚಿಸದಿದ್ದರೆ ಕನ್ನಡ ಅಕ್ಷರಗಳು ಕಲಸಿಹೋಗಬಹುದು.

ನಲವತ್ತು ನಿಮಿಷದ ಅವಧಿಯಲ್ಲಿ ಇಷ್ಟೆಲ್ಲಕ್ಕೆ ಬಿಡುವೆಲ್ಲಿ, ಆರಂಭಿಕರಿಗೆ ಗೊಂದಲವಾಗದೆ ಎಂದು ಕೆಲವರು ಕೇಳುತ್ತಾರೆ. ಆಕ್ಷೇಪಣೆ ನ್ಯಾಯವಾದದ್ದೇ. ಹಾಗಾದರೆ ಸಂಕೇತೀಕರಣವನ್ನು ಮುಂದಿನ ಅವಧಿಗೆ ಬಿಡೋಣ. ಆದರೆ ಮಾರ್ಗವನ್ನು ಬಿಡಲಾಗದು. ಇಂದು ಉಳಿಸಿದ ಹತ್ತು ನಿಮಿಷವನ್ನು ಮುಂದಿನ ಪ್ರತಿಯೊಂದು ಪ್ರಾಯೋಗಿಕ ತರಗತಿಯಲ್ಲಿ ಗಣಕದಿಂದ ಗಣಕಕ್ಕೆ ಓಡಾಡಿ ತೆರಬೇಕಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ವಿನಾಯಿತಿಯನ್ನು ಹಿಡಿದು ಖಾಲಿ ಆವರಣದೊಳಗೆ ಮುಚ್ಚಿಹಾಕುವ ರೂಢಿ. ಇದರಿಂದ ತಪ್ಪು ಮರೆಯಾಗುತ್ತದೆ, ತಪ್ಪಿನ ಕಾರಣ ತಿಳಿಯುವ ದಾರಿಯೂ ಮುಚ್ಚುತ್ತದೆ.

ಪಾಠ ಯೋಜನೆಯಲ್ಲಿ ಮೂರು ಹೆಜ್ಜೆಗಳಿರಲಿ. ಮೊದಲು, ಕಡತವನ್ನು ಬೇಕೆಂದೇ ಬೇರೆಡೆ ಇಟ್ಟು ಏನಾಗಬಹುದೆಂದು ಮಕ್ಕಳಿಂದ ಊಹೆ ಹೇಳಿಸುವುದು. ನಂತರ, ಬಂದ ಸಂದೇಶವನ್ನು ಗಟ್ಟಿಯಾಗಿ ಓದಿಸಿ, ಪೂರ್ಣ ಮಾರ್ಗ ಮುದ್ರಿಸಿ ಕಾರಣ ಹುಡುಕಿಸುವುದು. ಕೊನೆಗೆ, ಇಡೀ ಫೋಲ್ಡರನ್ನು ಪಕ್ಕದ ಗಣಕಕ್ಕೆ ನಕಲು ಮಾಡಿ ಓಡಿಸುವುದು.

ವೀಕ್ಷಕರಾದ ನಾವೂ ನಮ್ಮ ನಮೂನೆಯನ್ನು ತಿದ್ದಿಕೊಳ್ಳಬೇಕು. 'ಫಲಿತಾಂಶ ಬಂದಿತೇ?' ಎಂಬುದರ ಕೆಳಗೆ 'ವಿದ್ಯಾರ್ಥಿಯ ಗಣಕದಲ್ಲಿ ಬಂದಿತೇ? ಬಾರದಿದ್ದಾಗ ಕಾರಣವನ್ನು ವಿದ್ಯಾರ್ಥಿಯೇ ಹುಡುಕಿದನೇ?' ಎಂಬ ಎರಡು ಸಾಲು ಸೇರಲಿ. ಅಂಕ ಎಲ್ಲಿದೆಯೋ ಪ್ರಶಿಕ್ಷಣಾರ್ಥಿಯ ತಯಾರಿ ಅತ್ತ ಹರಿಯುತ್ತದೆ.